ಸೌರದೀಪಕ್ಕೆ ಆಟಿಯ ಲೆಕ್ಕ

ಗುಡ್ಡದಾಚೆಯ ತೋಟಕ್ಕೆ ತಂತಿ ಎಳೆಸುವುದಕ್ಕಿಂತ ಸೌರಫಲಕವೇ ವಾಸಿಯೆಂದು ಎಣಿಸುವ ಕೃಷಿಕರು ಕಾಸರಗೋಡಿನ ಒಳನಾಡಿನಲ್ಲಿ ಇಂದಿಗೂ ಇದ್ದಾರೆ. ಬೇಸಗೆಯಲ್ಲಿ ಕೂರಿಸಿದ ಫಲಕ ಎಪ್ರಿಲಿನ ಬಿಸಿಲಿಗೆ ಯಾವ ಕೊರತೆಯನ್ನೂ ತೋರಿಸುವುದಿಲ್ಲ. ಅದರ ನಿಜವಾದ ಪರೀಕ್ಷೆ ನಡೆಯುವುದು ಆಟಿಯಲ್ಲಿ. ಮಳೆಗಾಲಕ್ಕೆಂದು ಸೌದೆ, ಹಪ್ಪಳ, ಉಪ್ಪುಸೊಳೆಗಳನ್ನು ಮುಂಚಿತವಾಗಿ ಕೂಡಿಡುವ ನಾಡಿನಲ್ಲಿ ಬೆಳಕಿನ ಲೆಕ್ಕವನ್ನೂ ಆ ತಿಂಗಳಿನಿಂದಲೇ ಆರಂಭಿಸಬೇಕು.

ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬುದು ಗಾದೆ. ಇಲ್ಲಿ ಮೊದಲು ಕಾಲನ್ನೇ ಅಳೆಯುವುದು ಲೇಸು. ಉಪಕರಣದ ವ್ಯಾಟನ್ನು ಅದು ನಡೆಯುವ ಗಂಟೆಗಳಿಂದ ಗುಣಿಸಿದರೆ ವ್ಯಾಟ್-ಗಂಟೆ ದೊರೆಯುತ್ತದೆ. ಅಂಥ ಸಾವಿರ ವ್ಯಾಟ್-ಗಂಟೆಯೇ ಒಂದು ಯೂನಿಟ್. ಸಣ್ಣ ಸಂಸಾರವೊಂದರಲ್ಲಿ 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬುಗಳು ಐದು ಗಂಟೆ ಉರಿದರೆ 180. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಎಂಟು ಗಂಟೆ ತಿರುಗಿದರೆ 240. ಮೊಬೈಲು ಮತ್ತು ಮೋಡೆಮಿಗೆ 80. ಒಟ್ಟು 500. ಹಳೆಯ 75 ವ್ಯಾಟಿನ ಫ್ಯಾನಾದರೆ ಅದೊಂದೇ 600 ವ್ಯಾಟ್-ಗಂಟೆ ಬೇಡುತ್ತದೆ. ಆದ್ದರಿಂದ ಫಲಕ ಹೆಚ್ಚಿಸುವುದಕ್ಕಿಂತ ಮೊದಲು ಫ್ಯಾನು ಬದಲಿಸುವುದು ಲಾಭಕರ. ಇನ್ವರ್ಟರಿನಲ್ಲಿ ಆಗುವ ನಷ್ಟವನ್ನು ಸೇರಿಸಿದರೆ ಬ್ಯಾಟರಿಯಿಂದ ದಿನಕ್ಕೆ ಹೊರಡಬೇಕಾದದ್ದು ಸುಮಾರು 590 ವ್ಯಾಟ್-ಗಂಟೆ.

ಸೂರ್ಯನ ಮುಖವೇ ಕಾಣದ ಎರಡು ದಿನಗಳನ್ನು ದಾಟಲು ಇದರ ಇಮ್ಮಡಿ, ಅಂದರೆ 1180 ವ್ಯಾಟ್-ಗಂಟೆ ಬೇಕು. ಲೆಡ್-ಆಸಿಡ್ ಟ್ಯೂಬುಲರ್ ಬ್ಯಾಟರಿಯ ಅರ್ಧವನ್ನಷ್ಟೇ ಬಳಸಿದರೆ ಅದಕ್ಕೆ ದೀರ್ಘಾಯುಷ್ಯ. ಹಾಗಾಗಿ 12 ವೋಲ್ಟಿನ 200 ಆಂಪಿಯರ್-ಗಂಟೆಯ ಬ್ಯಾಟರಿ ಸರಿಹೊಂದುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ನೂರಕ್ಕೆ 80 ಭಾಗವನ್ನು ಬಳಸಬಹುದಾದ್ದರಿಂದ 120 ಆಂಪಿಯರ್-ಗಂಟೆಯೇ ಸಾಕು. ಆರಂಭದ ಬೆಲೆ ಮಾತ್ರ ಹೆಚ್ಚು.

ಫಲಕದ ವಿಚಾರದಲ್ಲಿ ತಪ್ಪುವುದು ಸುಲಭ. ಬೇಸಗೆಯಲ್ಲಿ ದಿನಕ್ಕೆ ಐದೂವರೆ ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಶಕ್ತಿ ದೊರೆಯುತ್ತದೆಂದು ಹಿಡಿದರೆ ಮಳೆಗಾಲಕ್ಕೆ ಮೂರೇ ಗಂಟೆ ಹಿಡಿಯುವುದು ಕ್ಷೇಮ. ಕಾವು, ಕೊಳೆ, ತಂತಿ, ಚಾರ್ಜಿಂಗ್‌ಗಳ ನಷ್ಟ ಕಳೆದು ಕೈಗೆ ಬರುವುದು ನೂರಕ್ಕೆ 65ರಷ್ಟು. ಬೇಸಗೆಯ ಲೆಕ್ಕದಲ್ಲಿ 165 ವ್ಯಾಟಿನ ಫಲಕ ಸಾಕೆನಿಸುತ್ತದೆ. ಆಟಿಯ ಲೆಕ್ಕ 300 ವ್ಯಾಟ್ ಕೇಳುತ್ತದೆ. 165 ವ್ಯಾಟಿನ ಫಲಕವನ್ನೇ ನೆಚ್ಚಿದರೆ ಆಟಿಯಲ್ಲಿ ದಿನವೂ ಸುಮಾರು 270 ವ್ಯಾಟ್-ಗಂಟೆಯ ಸಾಲ ಬೆಳೆಯುತ್ತದೆ. ಐದನೆಯ ದಿನಕ್ಕೆ ಕೂಡಿಟ್ಟದ್ದು ಬರಿದು.

ನಷ್ಟ ಅಲ್ಲಿಗೆ ನಿಲ್ಲುವುದಿಲ್ಲ. ವಾರಗಟ್ಟಲೆ ಪೂರ್ತಿ ತುಂಬದೆ ಉಳಿದ ಲೆಡ್-ಆಸಿಡ್ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ. ಆಮೇಲೆ ಬಂದ ಬಿಸಿಲು ಅದನ್ನು ಪೂರ್ತಿ ಕರಗಿಸಲಾರದು. ಹೀಗೆ ಸೌರಫಲಕದಲ್ಲಿ ಉಳಿಸಿದ ಹಣ ಅಕಾಲದಲ್ಲಿ ಸತ್ತ ಬ್ಯಾಟರಿಯ ರೂಪದಲ್ಲಿ ಕೈಬಿಡುತ್ತದೆ. ಬ್ಯಾಟರಿಯನ್ನು ಹಿಗ್ಗಿಸಿ ಫಲಕವನ್ನು ಕುಗ್ಗಿಸುವುದು ತೊರೆ ಬತ್ತಿದ ಮೇಲೆ ಕೆರೆಯನ್ನು ಅಗಲಿಸಿದಂತೆ.

ತೋಟದ ಮನೆಗೆ ನೆರಳಿನ ಕಾಟವೂ ಉಂಟು. ಒಂದೇ ಅಡಿಕೆ ಸೋಗೆಯ ನೆರಳು ಫಲಕದ ಮೂಲೆಯೊಂದಕ್ಕೆ ಬಿದ್ದರೂ ಉತ್ಪಾದನೆ ನೆರಳಿನ ಅಳತೆಗಿಂತ ಎಷ್ಟೋ ಹೆಚ್ಚು ಕುಸಿಯುತ್ತದೆ, ಏಕೆಂದರೆ ಕೋಶಗಳು ಒಂದಕ್ಕೊಂದು ಸರಣಿಯಲ್ಲಿ ಜೋಡಣೆಗೊಂಡಿರುತ್ತವೆ. ಫಲಕವನ್ನು ಹಂಚಿನ ಮಾಡಿನ ಮೇಲೇ ಇಡಬೇಕೆಂದಿಲ್ಲ. ಅಂಗಳದಲ್ಲಿ ಬಿಸಿಲು ಹೆಚ್ಚು ಹೊತ್ತು ಬೀಳುವ ಜಾಗವೇ ಅದಕ್ಕೆ ತಕ್ಕ ಸ್ಥಾನ.

ಕೈಯಲ್ಲಿರುವ ಹಣ 300 ವ್ಯಾಟಿಗೆ ಸಾಲದಿದ್ದರೆ ಬಳಕೆಯನ್ನು ತಗ್ಗಿಸುವುದು ವಿವೇಕ. ಫ್ಯಾನಿನ ಹೊತ್ತು ಇಳಿದರೂ ಮಕ್ಕಳ ಓದಿನ ದೀಪ ಉಳಿಯುತ್ತದೆ. ಕೊಳ್ಳುವವರು ಮಾರುವವರಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಈ ವ್ಯವಸ್ಥೆ ಆಟಿಯಲ್ಲಿ ದಿನಕ್ಕೆ ಎಷ್ಟು ವ್ಯಾಟ್-ಗಂಟೆ ಕೊಡುತ್ತದೆ? ಉತ್ತರವನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆಯಿಸಿಕೊಂಡೇ ಮುಂಗಡ ಕೊಡುವುದು ಒಳ್ಳೆಯದು.