ಇಂಗ್ಲಿಷಲ್ಲಿ ಹಾಡಿದ್ರೇನೇ ದೊಡ್ಡವರಾ? (ಭಾಗ 3)

"ಇಂಗ್ಲಿಷಲ್ಲಿ ಹಾಡದಿದ್ರೆ ಯಾರು ಕೇಳ್ತಾರೆ ಗುರು?" ಅಂತೀರಲ್ಲ, ಲೆ ಕೌಬಾಯ್ ಫ್ರ್ಯಾಂಗಾಂ ಹೆಸರು ಕೇಳಿದ್ದೀರಾ?

ಕೆನಡಾದ ಕ್ವಿಬೆಕ್‌ನ ಫೋಕ್ ರಾಕ್ ಬ್ಯಾಂಡ್. ಸುತ್ತ ಪೂರ್ತಿ ಇಂಗ್ಲಿಷ್, ಇವರು ಹಾಡೋದು ಫ್ರೆಂಚಲ್ಲಿ. ಅದೂ ಪ್ಯಾರಿಸ್‌ನ ಇಸ್ತ್ರಿ ಹಾಕಿದ ಫ್ರೆಂಚ್ ಅಲ್ಲ, ತಮ್ಮ ಊರಿನ ಆಡುಮಾತು. ಗಾಯಕ ಕಾರ್ಲ್ ಟ್ರಾಂಬ್ಲೆಗೂ ಹಾಡು ಬರೆಯೋ ಪೋಜೆಗೂ ಪರಿಚಯ ಆಗಿದ್ದು ಐಸ್ ಹಾಕಿ ಟೀಮಲ್ಲಿ! ಪಿಟೀಲು, ಅಕಾರ್ಡಿಯನ್, ಮ್ಯಾಂಡೊಲಿನ್ ಎಲ್ಲಾ ಮರಿ-ಅನಿಕ್ ಲೆಪಿನ್ ಕೈಯಲ್ಲಿ.

ಬರೀ ಕುಣಿಯೋ ಹಾಡು ಅಂತ ತಳ್ಳಿಹಾಕ್ಬೇಡಿ. 2004ರ 'ಪ್ಲು ರಿಯಾಂ' ಹಾಡಲ್ಲಿ ಮಾತಾಡೋದು ಭೂಮಿ ಮೇಲೆ ಉಳಿದ ಕೊನೇ ಮನುಷ್ಯ. 2019ರ 'ಲಾಮೆರಿಕ್ ಪ್ಲರ್'ನಲ್ಲಿ ಒಬ್ಬ ಲಾರಿ ಡ್ರೈವರ್. ಪರಿಸರಕ್ಕೋಸ್ಕರ ಒಂದು ಫೌಂಡೇಶನ್ನೂ ಕಟ್ಟಿದ್ರು.

2023ರ ಜುಲೈ, ಕ್ವಿಬೆಕ್ ಸಿಟಿಯ ಬಯಲು. ಕಾರ್ಲ್‌ಗೆ ಆಗಲೇ ಕ್ಯಾನ್ಸರ್. ಎದುರಿಗೆ ಸುಮಾರು 90,000 ಜನ. ನವೆಂಬರ್‌ನಲ್ಲಿ ಅವರು ತೀರಿಕೊಂಡಾಗ ವಯಸ್ಸು ಬರೀ 47. ಮಾಂಟ್ರಿಯಲ್‌ನ ಬೆಲ್ ಸೆಂಟರ್‌ನಲ್ಲಿ ಸರ್ಕಾರಿ ಗೌರವದ ವಿದಾಯ.

ಇಂಗ್ಲಿಷ್ ಮಾರ್ಕೆಟ್ ಗೆಲ್ಲಲಿಲ್ಲ, ಒಪ್ಕೋತೀನಿ. ಗೆಲ್ಲಲೇಬೇಕಿತ್ತು ಅಂದವರು ಯಾರು? ಫ್ರಾನ್ಸ್, ಬೆಲ್ಜಿಯಂವರೆಗೂ ಹೋಗಿ ಅದೇ ಆಡುಮಾತಲ್ಲಿ ಹಾಡಿ ಬಂದವರು ಇವರು.

ಇಯರ್‌ಫೋನ್ ಹಾಕ್ಕೊಂಡು 'ಪ್ಲು ರಿಯಾಂ' ಪೂರ್ತಿ ಕೇಳಿ. ಜಗಳಕ್ಕೆ ಆಮೇಲೆ ಬನ್ನಿ.