ಪಾಳು ಸೌಧದ ಜಮಾಖರ್ಚು

ಪ್ರೇಮ, ಮಾಯಾಲೋಕ, ಭೀತಿಗಳ ಕಾದಂಬರಿಗಳನ್ನು ಕಾಲಹರಣದ ಓದೆಂದು ಬದಿಗಿಡುವವರಲ್ಲಿ ನಾನೂ ಒಬ್ಬನಾಗಿದ್ದೆ. ಆ ಪೂರ್ವಗ್ರಹವನ್ನು ಕದಲಿಸಿದ್ದು ಸಿಲ್ವಿಯಾ ಮೊರೆನೊ-ಗಾರ್ಸಿಯಾ ಅವರ ‘ಮೆಕ್ಸಿಕನ್ ಗಾಥಿಕ್’ (2020).

1950ರ ದಶಕದ ಮೆಕ್ಸಿಕೊ. ಬೆಳ್ಳಿ ಗಣಿಯಿಂದ ಸಿರಿವಂತವಾಗಿದ್ದ ಆಂಗ್ಲ ಕುಟುಂಬದ ಶಿಥಿಲ ಸೌಧ. ಅಲ್ಲಿಗೆ ಮದುವೆಯಾಗಿ ಹೋಗಿ ಸಂಕಟದಲ್ಲಿರುವ ಸೋದರಸಂಬಂಧಿಯನ್ನು ಅರಸಿ ಬರುವ ತರುಣಿ. ಆ ಮನೆಯ ಭೀತಿಗೂ ಗಣಿಯಲ್ಲಿ ಮಡಿದ ಕೂಲಿಗಳಿಗೂ ನಂಟಿದೆ. 1847ರ ‘ಜೇನ್ ಐರ್’ನಲ್ಲಿಯೂ ಮೇಲಂತಸ್ತಿನಲ್ಲಿ ಕೂಡಿಹಾಕಲ್ಪಟ್ಟ ಪತ್ನಿ, ಜಮೈಕಾದಿಂದ 30,000 ಪೌಂಡುಗಳೊಡನೆ ಬಂದವಳೇ.

ಅರ್ಥಾತ್, ದೆವ್ವದ ಕತೆಯೆನಿಸುವುದು ಹಲವು ವೇಳೆ ಆಸ್ತಿಯ ಕತೆ. ವರದಕ್ಷಿಣೆಯ ಸಾವುಗಳನ್ನು ಕಂಡ ನಮಗೆ ಅದು ಪರದೇಶದ ಕಲ್ಪನೆಯಾಗಿ ತೋರದು. ಸುಸಾನಾ ಕ್ಲಾರ್ಕ್ ಅವರ ‘ಪಿರನೇಸಿ’ಯಲ್ಲಂತೂ (2020) ಕೊನೆಯಿಲ್ಲದ ಮನೆಯೊಳಗಿರುವವನಿಗೆ ತನ್ನ ಬಂಧನದ ಅರಿವೇ ಇಲ್ಲ. ಅಂಕಿಅಂಶಗಳು ಹೇಳದ ಸತ್ಯವನ್ನು ಇಂಥ ಕೃತಿಗಳು ಹೇಳುತ್ತವೆ. ಹಿರಿಯ ಓದುಗರು ಸಂಕೋಚ ತೊರೆದು ಇವನ್ನು ಓದಬೇಕು.