ಕಪ್ಪು ಪರದೆಯೂ ಕನ್ನಡದ ಚೌಕಗಳೂ

ಗಣಕಯಂತ್ರದ ಬಗೆಗೆ ಬರೆಯುವ ಅರ್ಹತೆ ನನಗಿದೆಯೆಂದು ನಾನೆಂದೂ ಭಾವಿಸಿದವನಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿ ನಿವೃತ್ತನಾದವನು ನಾನು. ಈ ಯಂತ್ರದ ಸಹವಾಸ ನಡುವಯಸ್ಸಿನಲ್ಲಿ ಬಂದದ್ದು. ಆದರೂ ಕಳೆದ ಮಳೆಗಾಲದ ಒಂದು ಪ್ರಸಂಗವನ್ನು ಇಲ್ಲಿ ನಿವೇದಿಸಿಕೊಳ್ಳಬೇಕೆನ್ನಿಸಿದೆ. ಅದು ಯಂತ್ರದ ಕಥೆಯಷ್ಟೇ ಅಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮ ಶಾಲೆಯಲ್ಲಿ ಮಕ್ಕಳು ಪ್ರತಿ ವರ್ಷ ಒಂದು ಕೈಬರಹದ ಪತ್ರಿಕೆಯನ್ನು ತರುತ್ತಿದ್ದರು. 1988ರಿಂದ ನಾನು ನಿವೃತ್ತನಾಗುವವರೆಗಿನ ಸಂಚಿಕೆಗಳಲ್ಲಿ ಗೆದ್ದಲಿಗೂ ಜಲಿಗೂ ಆಹುತಿಯಾಗದೆ ಉಳಿದವನ್ನು ಮನೆಗೆ ತಂದು, ಒಂದೊಂದಾಗಿ ಬೆರಳಚ್ಚು ಮಾಡಿ ಗಣಕದಲ್ಲಿ ಇಟ್ಟಿದ್ದೇನೆ. ನಾಲ್ಕು ವರ್ಷಗಳ ಕೆಲಸ ಅದು. ಅದನ್ನು ಬರೆದ ಮಕ್ಕಳಲ್ಲಿ ಇಬ್ಬರು ಈಗ ಬದುಕಿಲ್ಲ. ಒಬ್ಬನ ತಾಯಿ ತಮ್ಮ ಮಗ ಬರೆದ ಪುಟ್ಟ ಲೇಖನದ ಪ್ರತಿಯನ್ನು ನನ್ನಿಂದ ಕೇಳಿದ್ದರು. ಕೊಡುತ್ತೇನೆಂದು ಮಾತು ಕೊಟ್ಟಿದ್ದೆ.

ನನ್ನದು ಹಳೆಯ ಗಣಕ. ಅದರಲ್ಲಿ ಲಿನಕ್ಸ್ ಕುಟುಂಬದ ಉಬುಂಟು ಇದೆ. ಹಣ ತೆರಬೇಕಾಗಿಲ್ಲ, ಪರದೆಯ ಮೇಲಿನ ಪಟ್ಟಿಗಳೂ ಬಹುಪಾಲು ಕನ್ನಡದಲ್ಲಿಯೇ ಕಾಣಿಸುತ್ತವೆ. 2022ರ ಏಪ್ರಿಲ್‌ನಲ್ಲಿ ಬಂದ 22.04 ಆವೃತ್ತಿಯಿಂದ 2024ರ ಏಪ್ರಿಲ್‌ನಲ್ಲಿ ಬಂದ 24.04 ಆವೃತ್ತಿಗೆ ಅದನ್ನು ಏರಿಸಲು ಒಂದು ಸಂಜೆ ಕುಳಿತೆ. ಹೊರಗೆ ಜಡಿಮಳೆ. ಮಲೆನಾಡಿನ ಅಂಚಿನ ನಮ್ಮೂರಿನಲ್ಲಿ ಮಳೆ ಬಂದರೆ ಕರೆಂಟು ಹೋಗುವುದು ಹೊಸತೇನೂ ಅಲ್ಲ. ಯುಪಿಎಸ್‌ನ ಬ್ಯಾಟರಿ ಸತ್ತು ವರ್ಷವಾಗಿತ್ತು. ಕಡತಗಳ ಪ್ರತಿಯನ್ನು ಪೆನ್ ಡ್ರೈವ್‌ಗೆ ಅರ್ಧದಷ್ಟು ಮಾತ್ರ ಇಳಿಸಿಕೊಂಡಿದ್ದೆ. ತಪ್ಪು ನನ್ನದೇ. ಕೆಲಸ ನಡುವೆ ಇರುವಾಗಲೇ ದೀಪ ಆರಿತು.

ಕರೆಂಟು ಬಂದ ಮೇಲೆ ಗಣಕವೇನೋ ಎದ್ದಿತು, ಆದರೆ ಹೆಸರು, ಗುಪ್ತಪದ ಕೇಳುವ ಪರದೆ ಬರಲಿಲ್ಲ. ಕಪ್ಪು ಹಲಗೆಯ ಮೂಲೆಯಲ್ಲಿ ಒಂದು ಗೆರೆ ಮಿಣುಕುತ್ತಿತ್ತು, ಅಷ್ಟೇ. ಮರುದಿನ ರಿಪೇರಿ ಅಂಗಡಿಯ ಹುಡುಗ ಬಂದು ನೋಡಿ, "ಸರ್, ಫಾರ್ಮ್ಯಾಟ್ ಹೊಡೆದುಬಿಡೋಣ, ಅರ್ಧ ಗಂಟೆ ಕೆಲಸ" ಎಂದ. ಒಳಗಿರುವುದರ ಗತಿಯೇನು ಎಂದರೆ, "ಅದೆಲ್ಲ ಹೋಗುತ್ತೆ ಸರ್" ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅಂಗಡಿಯಲ್ಲಿ ಹತ್ತು ಯಂತ್ರಗಳು ಕಾದು ಕುಳಿತಿರುವಾಗ, ಒಂದರ ಕಾಯಿಲೆಯ ಮೂಲ ಹುಡುಕಲು ಅವನಿಗೆ ಯಾರೂ ಹಣ ಕೊಡುವುದಿಲ್ಲ.

ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಗೆ ದೂರವಾಣಿ ಮಾಡಿದೆ. ಅವಳು ಕೇಳಿದ ಮೊದಲ ಮಾತು, "ಸರ್, ಪರದೆ ಮೇಲೆ ಏನು ಬರೆದಿದೆ, ಓದಿ ಹೇಳಿ." ನನಗೆ ನಗು ಬಂತು. ಪರೀಕ್ಷೆಯಲ್ಲಿ ತಬ್ಬಿಬ್ಬಾದ ಮಕ್ಕಳಿಗೆ ನಾನು ಹೇಳುತ್ತಿದ್ದುದೂ ಅದೇ ತಾನೇ: ಮೊದಲು ಪ್ರಶ್ನೆಯನ್ನು ಓದು.

ಅವಳು ವಿವರಿಸಿದ ಬಗೆ ಇದು. ಪ್ರವೇಶದ ಪರದೆಯನ್ನು ತೋರಿಸುವುದು ಒಂದು ಪ್ರತ್ಯೇಕ ತಂತ್ರಾಂಶ. ಉಬುಂಟುವಿನಲ್ಲಿ ಅದರ ಹೆಸರು ಜಿಡಿಎಂ. ಅದು ಮನೆಯ ದ್ವಾರಪಾಲಕ ಮಾತ್ರ. ದ್ವಾರಪಾಲಕ ಮೂರ್ಛೆಹೋದರೆ ಮನೆ ಬಿದ್ದಿದೆಯೆಂದು ಅರ್ಥವಲ್ಲ. ಕಂಟ್ರೋಲ್, ಆಲ್ಟ್, ಎಫ್ 3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಹಿತ್ತಿಲ ಬಾಗಿಲೊಂದು ತೆರೆಯುತ್ತದೆ. ಅಲ್ಲಿ ಚಿತ್ರಗಳಿಲ್ಲ, ಬರಿಯ ಅಕ್ಷರ. ಒತ್ತಿದೆ. ಹೆಸರು ಕೇಳಿತು. ಗುಪ್ತಪದ ಹೊಡೆಯುವಾಗ ಒಂದು ಚುಕ್ಕಿಯೂ ಮೂಡದಿದ್ದುದರಿಂದ ಗಾಬರಿಯಾದೆ. ಅಲ್ಲಿನ ರೂಢಿಯೇ ಹಾಗಂತೆ. ಒಳಗೆ ಹೋದೆ.

ಮೊದಲು ನನ್ನ ಕಡತಗಳಿವೆಯೇ ಎಂದು ಎಲ್‌ಎಸ್ ಎಂಬ ಆಜ್ಞೆಯಿಂದ ಪಟ್ಟಿ ಮಾಡಿಸಿದೆ. ಎದೆ ಧಸಕ್ಕೆಂದಿತು. ಕನ್ನಡದಲ್ಲಿ ಹೆಸರಿಟ್ಟಿದ್ದ ಕಡತಗಳೆಲ್ಲ ಸಾಲುಸಾಲು ಚೌಕಗಳಾಗಿ ಕಾಣುತ್ತಿದ್ದವು. ಆ ಚೌಕಗಳ ನಡುವೆ 1991, 1994, 2003 ಎಂಬ ಅಂಕಿಗಳು ಮಾತ್ರ ಉಳಿದಿದ್ದವು. ಎಲ್ಲವೂ ಕೆಟ್ಟುಹೋಯಿತೆಂದೇ ತಿಳಿದೆ. "ಪಕ್ಕದಲ್ಲಿ ಗಾತ್ರ ಎಷ್ಟಿದೆ ನೋಡಿ ಸರ್" ಎಂದಳು. ಗಾತ್ರ ಸರಿಯಾಗಿಯೇ ಇತ್ತು. ಕಡತಗಳಿಗೆ ಏನೂ ಆಗಿರಲಿಲ್ಲ. ಆ ಕಪ್ಪು ಹಲಗೆಗೆ ಕನ್ನಡ ಬರೆಯಲು ಬರುತ್ತಿರಲಿಲ್ಲ, ಅಷ್ಟೇ.

ಮುಂದಿನದು ಸರಳ. ಡಿಎಫ್ ಎಂಬ ಆಜ್ಞೆಯಿಂದ ಡಿಸ್ಕ್ ತುಂಬಿಲ್ಲವೆಂದು ಖಚಿತಪಡಿಸಿಕೊಂಡೆವು. ತುಂಬಿದ್ದರೂ ಈ ಪರದೆ ಮಾಯವಾಗುವುದುಂಟು. ಸಿಸ್ಟಂಸಿಟಿಎಲ್ ಎಂಬ ಆಜ್ಞೆಯಿಂದ ಜಿಡಿಎಂನ ಸ್ಥಿತಿ ಕೇಳಿದಾಗ, ಅದು ಎದ್ದೇ ಇಲ್ಲವೆಂಬ ಉತ್ತರ ಬಂತು. ಕರೆಂಟು ಹೋದಾಗ ಹಲವು ತಂತ್ರಾಂಶಗಳು ಅರ್ಧ ಸ್ಥಾಪನೆಯಾಗಿ ನಿಂತಿದ್ದವು. ಡಿಪಿಕೆಜಿ ಎಂಬ ಆಜ್ಞೆಗೆ ಕಾನ್ಫಿಗರ್ ಎಂಬ ಸೂಚನೆ ಸೇರಿಸಿ, ಉಳಿದವನ್ನೆಲ್ಲ ಪೂರ್ಣಗೊಳಿಸೆಂದು ಹೇಳಿದೆವು. ಬಳಿಕ ಎಪಿಟಿಯಿಂದ ಮುರಿದ ಕೊಂಡಿಗಳನ್ನು ಸರಿಪಡಿಸಿ ಮತ್ತೆ ಚಾಲೂ ಮಾಡಿದೆ. ಪರದೆ ಬಂತು, ನನ್ನ ಹೆಸರು ಕನ್ನಡದಲ್ಲಿಯೇ ಇತ್ತು. ಎಲ್ಲ ಸೇರಿ ಒಂದೂವರೆ ಗಂಟೆ.

ಎಲ್ಲರ ಕಾಯಿಲೆಯೂ ಇದೇ ಆಗಿರಬೇಕೆಂದಿಲ್ಲ. ಹೊಸ ಕರ್ನೆಲ್‌ಗೂ ಹಳೆಯ ಗ್ರಾಫಿಕ್ಸ್ ಚಾಲಕಕ್ಕೂ ಹೊಂದಾಣಿಕೆಯಾಗದಿದ್ದರೂ ಹೀಗಾಗುತ್ತದೆ. ಯಾವುದೂ ಫಲಿಸದಿದ್ದರೆ, ಪೆನ್ ಡ್ರೈವ್‌ನಿಂದಲೇ ಉಬುಂಟು ಚಾಲೂ ಮಾಡಿ, ಕಡತಗಳನ್ನು ಹೊರಗೆ ತೆಗೆದುಕೊಂಡು, ಆಮೇಲೆ ಫಾರ್ಮ್ಯಾಟ್ ಮಾಡಬಹುದು. ಫಾರ್ಮ್ಯಾಟ್ ಮಾಡಲೇಬಾರದೆಂದು ನಾನು ವಾದಿಸುತ್ತಿಲ್ಲ. ಅದು ಕೊನೆಯ ಉಪಾಯವಾಗಬೇಕು, ಮೊದಲನೆಯದಲ್ಲ.

ಬಿ.ಎಡ್. ತರಗತಿಯಲ್ಲಿ ನಮಗೆ ನೈದಾನಿಕ ಪರೀಕ್ಷೆ ಮತ್ತು ಪರಿಹಾರ ಬೋಧನೆ ಎಂಬ ಪಾಠವಿತ್ತು. ಮಗು ತಪ್ಪು ಉತ್ತರ ಬರೆದರೆ ಸೊನ್ನೆ ಹಾಕಿ ಮುಗಿಸಬೇಡ. ಎಲ್ಲಿ ತಪ್ಪಿತೆಂದು ಹುಡುಕು, ಅಷ್ಟನ್ನೇ ತಿದ್ದು ಎಂಬುದು ಅದರ ಸಾರ. ಪರೀಕ್ಷೆಗೆ ಉರು ಹೊಡೆದು ಒಳ್ಳೆಯ ಅಂಕ ಪಡೆದೆ. ತರಗತಿಯಲ್ಲಿ ಎಷ್ಟು ಪಾಲಿಸಿದೆನೆಂದು ಕೇಳಿದರೆ ತಲೆ ತಗ್ಗಿಸಬೇಕಾಗುತ್ತದೆ. ಅರವತ್ತು ಮಕ್ಕಳ ತರಗತಿಯಲ್ಲಿ ನನಗೂ ಆ ಅಂಗಡಿಯ ಹುಡುಗನ ಅವಸರವೇ ಇತ್ತು. "ಇವನಿಗೆ ತಲೆಗೆ ಹತ್ತುವುದಿಲ್ಲ" ಎಂದು ನಾನು ಷರಾ ಬರೆದವರಲ್ಲಿ ಎಷ್ಟು ಮಂದಿಗೆ ಕೆಟ್ಟಿದ್ದುದು ಬಾಗಿಲು ಮಾತ್ರವೋ!

ಇನ್ನೊಂದು ಮಾತು ಕನ್ನಡದ್ದು. ಲೈನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಪ್ರಕಟಿಸಿದ್ದು 1991ರಲ್ಲಿ. ಕನ್ನಡ ಲಿಪಿಗೆ ಸ್ಥಾನ ಕೊಟ್ಟ ಯೂನಿಕೋಡ್‌ನ ಮೊದಲ ಆವೃತ್ತಿ ಬಂದದ್ದೂ ಅದೇ ವರ್ಷ. ಮೂರು ದಶಕಗಳಿಗೂ ಮಿಕ್ಕಿ ಸಂದಿವೆ. ಸಂಬಳವಿಲ್ಲದೆ ದುಡಿದ ಸ್ವಯಂಸೇವಕರಿಂದ ನಮ್ಮ ನುಡಿ ಪರದೆಯ ಮೇಲೆ ಬಂದಿದೆ. ಅವರಿಗೆ ನಾನು ಋಣಿ. ಆದರೆ ಯಂತ್ರ ಆರೋಗ್ಯವಾಗಿರುವಾಗ ಕನ್ನಡ, ಕಷ್ಟ ಬಂದೊಡನೆ ಇಂಗ್ಲಿಷ್ ಎಂಬ ಸ್ಥಿತಿ ಇನ್ನೂ ಇದೆ. ಆ ಕಪ್ಪು ಹಲಗೆಯ ಅಚ್ಚುಮೊಳೆಗಳ ಪೆಟ್ಟಿಗೆಯಲ್ಲಿ ಹೆಚ್ಚೆಂದರೆ 512 ಆಕೃತಿಗಳಿಗೆ ಸ್ಥಳ. ಒತ್ತಕ್ಷರಗಳನ್ನು ಕೂಡಿಸುವ ವಿದ್ಯೆಯೂ ಅದಕ್ಕೆ ಗೊತ್ತಿಲ್ಲ. ಅದು ತಂತ್ರಜ್ಞರು ಬಿಡಿಸಬೇಕಾದ ಕಗ್ಗಂಟು. ಆದರೆ ಅಲ್ಲಿ ಬರುವ ಇಂಗ್ಲಿಷ್ ವಾಕ್ಯದ ಅರ್ಥವೇನು, ಮುಂದೇನು ಮಾಡಬೇಕು ಎಂಬುದನ್ನು ಕನ್ನಡದಲ್ಲಿ ಬರೆದಿಡಲು ಯಾವ ಅಡ್ಡಿಯಿದೆ? ನಮ್ಮ ಶಾಲೆಗಳ ಗಣಕ ಪಾಠ ಚಿತ್ರ ಬಿಡಿಸುವುದು, ಪತ್ರ ಬರೆಯುವುದರ ಜೊತೆಗೆ, ಕೆಟ್ಟಾಗ ಪರದೆಯನ್ನು ಓದುವುದನ್ನೂ ಕಲಿಸಬೇಕು. ಭಯಪಡದೆ ಓದುವ ಮಗು ಅರ್ಧ ದುರಸ್ತಿ ಮಾಡಿದಂತೆಯೇ.

ನಾನಂತೂ ನನಗೆ ತಿಳಿದಷ್ಟನ್ನು ಎರಡು ಹಾಳೆಗಳಲ್ಲಿ ಕನ್ನಡದಲ್ಲಿ ಬರೆದು ಗಣಕದ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಅಂಗಡಿಯ ಹುಡುಗನಿಗೂ ಒಂದು ಪ್ರತಿ ಕೊಟ್ಟಿದ್ದೇನೆ. ಯುಪಿಎಸ್‌ಗೆ ಹೊಸ ಬ್ಯಾಟರಿ ಬಂದಿದೆ. 1994ರ ಸಂಚಿಕೆಯ ಆ ಲೇಖನವನ್ನು ಮುದ್ರಿಸಿ, ಮಳೆ ಹೊಳವಾದ ದಿನ ಆ ತಾಯಿಯ ಕೈಗೆ ಮುಟ್ಟಿಸಿ ಬಂದೆ.